ಅಮ್ಮನ ಫೋನಿನಲ್ಲಿ ಮಾತ್ರ ತೆರೆಯದ ಫೋಲ್ಡರ್

"ಫೋಟೋ ಬರ್ತಾ ಇಲ್ಲ ಕಣೋ." ಭಾನುವಾರ ಊಟ ಆದ ಮೇಲೆ ಅಮ್ಮ ಫೋನ್ ಹಿಡಿದುಕೊಂಡು ಬಂದರು.

ಅಪ್ಪ ಹೋದ ಮೇಲೆ ಅವರ ಹಳೇ ಫೋಟೋಗಳನ್ನೆಲ್ಲ ಸ್ಕ್ಯಾನ್ ಮಾಡಿ, ಸರಸ್ವತಿಪುರಂ ಮನೆಯ ಕಂಪ್ಯೂಟರಿನಲ್ಲಿ ಇಟ್ಟಿದ್ದೇನೆ. ಅದರಲ್ಲಿ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಇದೆ. ಮಂಡ್ಯದ ಕಡೆಯ ನಮ್ಮೂರಿನ ಆಲೆಮನೆ, ಕನ್ನಂಬಾಡಿ ಕಟ್ಟೆ ತುಂಬಿದ ವರ್ಷ, ದಸರಾ ಮೆರವಣಿಗೆ, ಎಲ್ಲ ಅದರಲ್ಲಿವೆ. ಒಂದು ಕಂಪ್ಯೂಟರಿನ ಫೋಲ್ಡರನ್ನು ಮನೆಯ ಬೇರೆ ಫೋನು, ಲ್ಯಾಪ್‌ಟಾಪುಗಳಿಗೂ ತೆರೆದಿಡುವ ಸಾಂಬಾ ಅನ್ನುವ ತಂತ್ರಾಂಶದ ಮೂಲಕ ಅಮ್ಮ ದಿನಾ ಅವನ್ನು ಫೋನಿನಲ್ಲಿ ನೋಡುತ್ತಾರೆ. 1992ರ ಹೊತ್ತಿಗೆ ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಡ್ಜೆಲ್ ಶುರು ಮಾಡಿದ್ದು ಇದು. ಹೀಗೆ ಫೈಲ್ ಹಂಚುವ ವಿಧಾನದ ಹೆಸರು ಎಸ್‌ಎಂಬಿ; ಎಸ್, ಎಂ, ಬಿ ಮೂರೂ ಅಕ್ಷರ ಇರುವ ಪದವನ್ನು ಪದಪಟ್ಟಿಯಲ್ಲಿ ಹುಡುಕಿ ಅವರು ಈ ಹೆಸರು ಇಟ್ಟರಂತೆ. ನನಗೆ ಆ ಕಥೆ ತುಂಬಾ ಇಷ್ಟ.

ಹಿಂದಿನ ರಾತ್ರಿ ಕರೆಂಟ್ ಹೋಗಿತ್ತು. ಬಂದಾಗ ರೌಟರ್ ನಮ್ಮ ಕಂಪ್ಯೂಟರಿಗೆ ಹೊಸ ವಿಳಾಸ ಕೊಟ್ಟಿತ್ತು. 192.168.1.7 ಇದ್ದದ್ದು 12 ಆಗಿತ್ತು. ಫೋನು ಇನ್ನೂ ಹಳೇ ನಂಬರನ್ನೇ ಹುಡುಕುತ್ತಿತ್ತು. ರೌಟರಿನಲ್ಲಿ ಆ ಕಂಪ್ಯೂಟರಿಗೆ 7ನ್ನೇ ಕಾಯಂ ಮಾಡಿದೆ. ಅಲ್ಲಿಗೆ ಮುಗಿಯಿತು ಅಂದುಕೊಂಡೆ. ಈಗ ಫೋಲ್ಡರಿನ ಹೆಸರು ಕಾಣುತ್ತಿತ್ತು, ಮುಟ್ಟಿದರೆ ಮಾತ್ರ "ಅನುಮತಿ ಇಲ್ಲ". ನನ್ನ ಲ್ಯಾಪ್‌ಟಾಪಿನಲ್ಲಿ ನನ್ನ ಹೆಸರಲ್ಲಿ ಹೋದರೆ ಅದೇ ಫೋಲ್ಡರ್ ಆರಾಮಾಗಿ ತೆರೆಯುತ್ತಿತ್ತು.

ಇಲ್ಲಿ ಒಂದು ನಿಮಿಷ ಸುಮ್ನೆ ಕೂತು ಯೋಚಿಸಬೇಕು. ಹೆಸರು ಕಾಣುತ್ತಿದೆ ಅಂದರೆ ಫೋನು 445ನೇ ಪೋರ್ಟ್ ತನಕ, ಅಂದರೆ ಸಾಂಬಾ ಕಾಯುವ ಬಾಗಿಲ ತನಕ, ಬಂದಿದೆ. ಹಾಗಾದರೆ ಹೊರಗಿನ ಸಂಪರ್ಕ ತಡೆಯುವ ಫೈರ್‌ವಾಲ್ ಆಫ್ ಮಾಡಿ ಏನೂ ಸಿಗಲ್ಲ. ಸಾಂಬಾ ಪಾಸ್‌ವರ್ಡ್ ಲಿನಕ್ಸ್ ಪಾಸ್‌ವರ್ಡಿಗಿಂತ ಬೇರೆ. ಅಮ್ಮನದನ್ನು ಹೊಸದಾಗಿ ಹಾಕಿ ನೋಡಿದೆ, ಬದಲಾಗಲಿಲ್ಲ. ಫೋಲ್ಡರಿಗೆ 777 ಅನುಮತಿ, ಅಂದರೆ ಎಲ್ಲರಿಗೂ ಎಲ್ಲ ಅಧಿಕಾರ, ಕೊಟ್ಟುಬಿಡಿ ಅಂತ ಜಾಸ್ತಿ ಜನ ಹೇಳುತ್ತಾರೆ. ದಯವಿಟ್ಟು ಬೇಡ. ಆಗ ಕಂಪ್ಯೂಟರಿನಲ್ಲಿ ಇರುವ ಯಾರು ಬೇಕಾದರೂ ಆ ಫೋಟೋಗಳನ್ನು ಅಳಿಸಬಹುದು. ಅದೂ ಅಲ್ಲದೆ, ನನ್ನ ವಿಷಯದಲ್ಲಿ ಅದರಿಂದ ಏನೂ ಆಗುತ್ತಿರಲಿಲ್ಲ.

ಯಾಕೆ ಅಂದರೆ ತೊಂದರೆ ಫೋಲ್ಡರಿನಲ್ಲಿ ಇರಲೇ ಇಲ್ಲ. ಹಿಂದಿನ ದಿನವಷ್ಟೇ ಫೋಟೋಗಳನ್ನು ಹೊಸ ಯುಎಸ್‌ಬಿ ಡಿಸ್ಕಿಗೆ ಸಾಗಿಸಿದ್ದೆ. "ನೇಮ್‌ಐ -ಎಲ್" ಅಂತ ಒಂದು ಕಮಾಂಡ್ ಇದೆ. ಅದರ ಮುಂದೆ ಫೋಲ್ಡರಿನ ಪೂರ್ತಿ ದಾರಿ ಕೊಟ್ಟರೆ, ದಾರಿಯ ಒಂದೊಂದು ಮೆಟ್ಟಿಲಿನ ಅನುಮತಿಯನ್ನೂ ಸಾಲಾಗಿ ತೋರಿಸುತ್ತದೆ. ಮೇಲಿನಿಂದ ಓದುತ್ತಾ ಬಂದೆ. "ಮೀಡಿಯಾ" ಸರಿ ಇತ್ತು. ಅದರೊಳಗೆ ನನ್ನ ಹೆಸರಿನ ಡೈರೆಕ್ಟರಿ (ಫೋಲ್ಡರಿಗೆ ಇನ್ನೊಂದು ಹೆಸರು) ಇತ್ತು. ಅದರ ಸಾಲಿನಲ್ಲಿ ಕೊನೆಯ ಮೂರು ಜಾಗ ಬರೀ ಗೆರೆ. ಅಂದರೆ ಬೇರೆಯವರಿಗೆ ಒಳಗೆ ಕಾಲಿಡಲು ಎಕ್ಸ್ ಅನುಮತಿಯೇ ಇಲ್ಲ. ಡಿಸ್ಕ್ ಚುಚ್ಚಿದಾಗ ಸಿಸ್ಟಮ್ ತಾನಾಗಿ ಮಾಡುವ ಜಾಗ ಅದು, ಚುಚ್ಚಿದವರಿಗೆ ಮಾತ್ರ ತೆರೆಯುತ್ತದೆ. ಊರಿನ ತೊಟ್ಟಿಮನೆಯಲ್ಲಿ ಕೋಣೆ ಬಾಗಿಲು ತೆರೆದಿದ್ದು ಹೆಬ್ಬಾಗಿಲಿಗೆ ಅಗಳಿ ಹಾಕಿದರೆ ಹೇಗೋ ಹಾಗೆ. ಅಮ್ಮ ಬೀದಿಯಲ್ಲೇ ನಿಂತಿದ್ದರು.

ಆ ಡೈರೆಕ್ಟರಿಯ ಅನುಮತಿ ಬದಲಾಯಿಸಲು ಹೋಗಲಿಲ್ಲ. "ಎಸ್‌ಆರ್‌ವಿ" ಡೈರೆಕ್ಟರಿಯೊಳಗೆ ಫೋಟೋಗೆ ಅಂತ ಒಂದು ಜಾಗ ಮಾಡಿದೆ. ಡಿಸ್ಕ್ ಯಾವಾಗಲೂ ಅಲ್ಲೇ ಕೂರುವ ಹಾಗೆ ಯಾವ ಡಿಸ್ಕ್ ಎಲ್ಲಿ ಕೂರಬೇಕು ಅಂತ ಹೇಳುವ ಎಫ್‌ಎಸ್‌ಟ್ಯಾಬ್ ಫೈಲಿನಲ್ಲಿ ಅದರ ಯುಯುಐಡಿ, ಅಂದರೆ ಅದಕ್ಕೇ ಮೀಸಲಾದ ಗುರುತಿನ ಸಂಖ್ಯೆ, ಬರೆದೆ. ಪಕ್ಕದಲ್ಲೇ "ನೋಫೇಲ್" ಸೇರಿಸಿದೆ. ಇಲ್ಲದಿದ್ದರೆ ಡಿಸ್ಕ್ ಸಿಗದ ದಿನ ಕಂಪ್ಯೂಟರ್ ಪೂರ್ತಿ ಶುರುವಾಗದೆ ನಿಂತುಬಿಡಬಹುದು. ಫೋಟೋಗಳಿಗೆ ನಾವಿಬ್ಬರೂ ಇರುವ ಒಂದು ಗ್ರೂಪ್ ಕೊಟ್ಟೆ. ಸಾಂಬಾದ ಸೆಟ್ಟಿಂಗ್ ಫೈಲಿನಲ್ಲಿ ದಾರಿ ತಿದ್ದಿ, ಆ ಫೈಲನ್ನು ಪರೀಕ್ಷಿಸುವ ಟೆಸ್ಟ್‌ಪಾರ್ಮ್ ಕಮಾಂಡ್ ಓಡಿಸಿ ತಪ್ಪಿಲ್ಲ ಅಂತ ನೋಡಿಕೊಂಡು, ಮತ್ತೆ ಚಾಲೂ ಮಾಡಿದೆ. ಆಮೇಲೆ ಎರಡು ಸಲ ಕಂಪ್ಯೂಟರ್ ಆಫ್ ಮಾಡಿ ಆನ್ ಮಾಡಿದೆ. ಎರಡೂ ಸಲ ಅಮ್ಮನ ಫೋನಿನಿಂದಲೇ ಪರೀಕ್ಷೆ.

ಕೊಪ್ಪರಿಗೆ ಪಕ್ಕ ಅಪ್ಪ ಬಿಸಿ ಬೆಲ್ಲ ಹಿಡಿದು ನಿಂತಿರುವ ಫೋಟೋ ತೆರೆಯಿತು. ಅಮ್ಮ ಅದನ್ನು ಬೆರಳಲ್ಲಿ ದೊಡ್ಡದು ಮಾಡಿ ತುಂಬಾ ಹೊತ್ತು ನೋಡಿದರು. ಆಮೇಲೆ, "ಈ ಫೋಲ್ಡರಿಗೆ ಬರೀ ನಂಬರ್ ಯಾಕೆ ಇಟ್ಟಿದ್ದೀಯ?" ಅಂದರು. ಅಲ್ಲೇ ಕೂತು "ಆಲೆಮನೆ" ಅಂತ ಕನ್ನಡದಲ್ಲೇ ಬದಲಾಯಿಸಿದೆ. ಫೋನಿನಲ್ಲೂ ಹಾಗೇ ಕಾಣಿಸಿತು.