ಕಣ್ಣಿಗೆ ಕನ್ನಡ, ಕಿವಿಗೆ ಪೌಂಡ್

ಕಿರುಪರೀಕ್ಷೆಯ ಪ್ರಶ್ನೆಪತ್ರಿಕೆಯನ್ನು ವರ್ಡ್‌ನಲ್ಲಿ ಟೈಪ್ ಮಾಡಿ, ಪೆನ್‌ಡ್ರೈವಿಗೆ ಹಾಕಿ, ಕಣ್ಣು ಕಾಣದ ವಿದ್ಯಾರ್ಥಿಗೆ ಕೊಟ್ಟರೆ ಕೆಲಸ ಮುಗಿಯಿತು ಎಂದುಕೊಳ್ಳುವವರೇ ಹೆಚ್ಚು. ಪರದೆಯ ಮೇಲೆ ಅಚ್ಚುಕಟ್ಟಾದ ಕನ್ನಡ ಕಾಣುತ್ತಿರುತ್ತದೆ. ಆದರೆ ಆ ಹುಡುಗನ ಸ್ಕ್ರೀನ್ ರೀಡರ್, ಅಂದರೆ ಪರದೆಯ ಪಠ್ಯವನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶ, ‘ಕನ್ನಡ’ ಎಂಬ ಪದವನ್ನು ಒಂದೊಂದೇ ಅಕ್ಷರವಾಗಿ ಓದುವುದು ಹೀಗೆ: ಪಿ, ಎ ಗ್ರೇವ್, ಪೌಂಡ್, ಮತ್ತೆ ಎ ಗ್ರೇವ್, ಜರ್ಮನ್ನಿನ ಜೋಡಿ ಎಸ್, ಕ್ಯೂ, ಮತ್ತೊಂದು ಎ ಗ್ರೇವ್. ಮೂರಕ್ಷರದ ಪದಕ್ಕೆ ಏಳು ಗುರುತು, ಅದರಲ್ಲಿ ಕನ್ನಡದ್ದು ಒಂದೂ ಇಲ್ಲ.

ತಪ್ಪು ಸ್ಕ್ರೀನ್ ರೀಡರಿನದಲ್ಲ. ಕನ್ನಡ ಟೈಪಿಂಗ್ ತಂತ್ರಾಂಶಗಳಾದ ನುಡಿ, ಬರಹ, ಶ್ರೀಲಿಪಿಗಳ ಹಳೆಯ ಆಸ್ಕಿ ಫಾಂಟುಗಳಲ್ಲಿ ಟೈಪ್ ಮಾಡಿದಾಗ ಕಡತದೊಳಗೆ ಉಳಿಯುವುದು ರೋಮನ್ ಲಿಪಿಯ ಸಂಕೇತಗಳೇ. ಫಾಂಟು ಅವುಗಳಿಗೆ ಕನ್ನಡದ ವೇಷ ತೊಡಿಸುತ್ತದೆ, ಅಷ್ಟೆ. ನೋಡುವವರಿಗೆ ವೇಷ ಸಾಕು. ಕೇಳುವವರಿಗೆ, ಬ್ರೈಲ್‌ನಲ್ಲಿ ಮುಟ್ಟಿ ಓದುವವರಿಗೆ, ಕೊನೆಗೆ ಕಡತದಲ್ಲಿ ಒಂದು ಪದ ಹುಡುಕುವವರಿಗೂ ಒಳಗಿನದ್ದೇ ಬೇಕು. ಪ್ರತಿ ಲಿಪಿಯ ಅಕ್ಷರಕ್ಕೂ ಅದರದೇ ಸಂಕೇತ ಕೊಡುವ ಯೂನಿಕೋಡ್‌ನಲ್ಲಿ ಮಾತ್ರ ಕ ಎಂದರೆ ಒಳಗೂ ಕ.

ನಿಮ್ಮ ಕಡತ ಯಾವ ಜಾತಿಯದು ಎಂದು ತಿಳಿಯಲು ಅರ್ಧ ನಿಮಿಷ ಸಾಕು. ಒಂದು ಸಾಲು ಕಾಪಿ ಮಾಡಿ ನೋಟ್‌ಪ್ಯಾಡಿಗೆ ಹಾಕಿ. ಕನ್ನಡ ಕನ್ನಡವಾಗಿಯೇ ಬಂದರೆ ಯೂನಿಕೋಡ್. ಪೌಂಡ್, ತಲೆಯ ಮೇಲೆ ಗೀಟಿರುವ ಎ ಬಂದರೆ ಆಸ್ಕಿ. ‘ನಾನು ನುಡಿಯಲ್ಲೇ ಟೈಪ್ ಮಾಡಿದ್ದು, ಹಾಗಾದರೆ ಕೆಟ್ಟಿತೇ’ ಎಂದು ಗಾಬರಿಯಾಗಬೇಕಿಲ್ಲ. ನುಡಿಯಲ್ಲಿ ಯೂನಿಕೋಡ್ ಆಯ್ಕೆಯೂ ಇದೆ, ಕೀಲಿಮಣೆಯ ವಿನ್ಯಾಸ ಕೆ.ಪಿ. ರಾವ್ ರೂಪಿಸಿದ ಅದೇ ಹಳೆಯದು. ಬೆರಳು ಹೊಸದಾಗಿ ಕಲಿಯಬೇಕಾದ್ದೇನೂ ಇಲ್ಲ. ಆಯ್ಕೆ ಬದಲಿಸಿ, ಫಾಂಟು ನಿರ್ಮಲಾ ಯುಐ ಅಥವಾ ನೋಟೋ ಸಾನ್ಸ್ ಕನ್ನಡ ಇಟ್ಟುಕೊಂಡರೆ ಇವತ್ತಿನಿಂದ ಬರೆಯುವುದೆಲ್ಲ ಸರಿ. ಡಿಟಿಪಿ ಅಂಗಡಿಗೆ ಕೊಡುವವರು ‘ಯೂನಿಕೋಡ್‌ನಲ್ಲೇ ಬೇಕು, ಪಿಡಿಎಫ್ ಜೊತೆ ವರ್ಡ್ ಕಡತವೂ ಬೇಕು’ ಎಂದು ಮೊದಲೇ ಹೇಳಿಬಿಡಿ. ಕೆಲಸ ಮುಗಿದ ಮೇಲೆ ಕೇಳಿದರೆ ಯಾರೂ ಮತ್ತೆ ಟೈಪ್ ಮಾಡುವುದಿಲ್ಲ.

ಹಳೆಯ ಆಸ್ಕಿ ಕಡತಗಳನ್ನು ಯೂನಿಕೋಡ್‌ಗೆ ಪರಿವರ್ತಿಸುವಾಗ ಎಡವುವ ಜಾಗ ಕೆಲವು ಇವೆ. ಮೊದಲನೆಯದು, ಇಡೀ ಕಡತವನ್ನು ಒಮ್ಮೆಗೇ ಪರಿವರ್ತಕಕ್ಕೆ ಸುರಿಯುವುದು. ನಡುವೆ ಇರುವ ನಿಜವಾದ ಇಂಗ್ಲಿಷ್ ಅಕ್ಷರಗಳನ್ನೂ ಅದು ಆಸ್ಕಿ ಕನ್ನಡ ಎಂದೇ ತಿಳಿಯುತ್ತದೆ. ವಿಜ್ಞಾನದ ಪತ್ರಿಕೆಯಲ್ಲಿ ನೀರಿನ ಅಣುಸೂತ್ರ ‘ಊ2ಔ’ ಆಗುತ್ತದೆ, ಇಂಗಾಲದ ಡೈ ಆಕ್ಸೈಡು ‘ಅಔ2’ ಆಗುತ್ತದೆ. ಇದನ್ನು ತಪ್ಪಿಸಲು ವರ್ಡ್‌ನಲ್ಲಿ ನುಡಿ ಫಾಂಟಿನ ಒಂದು ಪದದ ಮೇಲೆ ಕರ್ಸರ್ ಇಟ್ಟು, ಹೋಮ್ ಪಟ್ಟಿಯ ಸೆಲೆಕ್ಟ್‌ನಲ್ಲಿ ‘ಅದೇ ರೀತಿಯ ಫಾರ್ಮ್ಯಾಟಿಂಗ್ ಇರುವ ಪಠ್ಯ’ ಆಯ್ಕೆ ಮಾಡಿ. ಯಾವ ಭಾಗ ಕನ್ನಡ, ಯಾವುದು ಇಂಗ್ಲಿಷ್ ಎಂದು ಬೇರೆಯಾಗಿ ಕಾಣುತ್ತದೆ. ಕನ್ನಡದ ತುಂಡುಗಳನ್ನಷ್ಟೇ ಪರಿವರ್ತಿಸಿ. ಕೋಷ್ಟಕವಿದ್ದರೆ ಒಂದೊಂದು ಮನೆಯಾಗಿ ಮಾಡಿ. ಪೂರ್ತಿ ಎತ್ತಿ ಹಾಕಿದರೆ ಸಾಲು, ಕಂಬಗಳೆಲ್ಲ ಕಲಸಿಹೋಗುತ್ತವೆ. ಶ್ರೀಲಿಪಿಯ ಸಂಕೇತಗಳೇ ಬೇರೆ, ನುಡಿಯ ಪರಿವರ್ತಕ ಅದಕ್ಕೆ ನಡೆಯುವುದಿಲ್ಲ.

ಪರಿವರ್ತನೆಯಾದ ಮೇಲೆ ಅರ್ಕಾವತ್ತಿನ ಪದಗಳನ್ನು ಮೊದಲು ನೋಡಿ: ಸೂರ್ಯ, ವರ್ಷ, ಅರ್ಥ. ಆಸ್ಕಿಯಲ್ಲಿ ಅರ್ಕಾವತ್ತು ಕಾಣುವ ಜಾಗದಲ್ಲೇ, ಅಂದರೆ ವ್ಯಂಜನದ ನಂತರ ಇರುತ್ತದೆ. ಯೂನಿಕೋಡ್‌ನಲ್ಲಿ ಉಚ್ಚಾರದ ಕ್ರಮ, ರ ಮೊದಲು. ಪರಿವರ್ತಕ ಅದನ್ನು ಹಿಂದಕ್ಕೆ ಒಯ್ಯಬೇಕು, ಕೆಲವು ಎಡವುತ್ತವೆ. ಮೂರು ಅಂತಸ್ತಿನ ರಾಷ್ಟ್ರ, ಶಾಸ್ತ್ರಗಳನ್ನೂ ನೋಡಿ.

ಇನ್ನು ಕಣ್ಣಿಗೆ ಎಂದೂ ಸಿಕ್ಕದ ಕಳ್ಳರು. ಅನುಸ್ವಾರದ ಬದಲು ಕನ್ನಡದ ಅಂಕಿ ಸೊನ್ನೆಯನ್ನು ಒತ್ತಿ ‘ಕ೦ಪ್ಯೂಟರ್’ ಎಂದು ಬರೆಯುವುದು ಬಹಳ ಕಡೆ ಇದೆ. ನೋಡಲು ಒಂದೇ, ಕಿವಿಗೆ ‘ಕ ಸೊನ್ನೆ ಪ್ಯೂಟರ್’. ಅರ್ಕಾವತ್ತಿನ ಬದಲು ಅಂಕಿ ಒಂಬತ್ತು ಹಾಕಿದ ‘ಸೂಯ೯’ ಇನ್ನೂ ಕಷ್ಟ, ‘ಸೂಯ ಒಂಬತ್ತು’. ವಿಸರ್ಗದ ಬದಲು ಕೋಲನ್ ಒತ್ತಿದ ‘ದು:ಖ’ ಎರಡು ಪದವಾಗಿ ಒಡೆಯುತ್ತದೆ. ಕಂಟ್ರೋಲ್ ಎಚ್ ಒತ್ತಿ ಸೊನ್ನೆಯನ್ನು ಅನುಸ್ವಾರಕ್ಕೆ ಒಟ್ಟಾಗಿ ಬದಲಿಸಬಹುದು, ಆದರೆ ಕಡತದಲ್ಲಿ ಕನ್ನಡ ಅಂಕಿಗಳು ಇಲ್ಲದಿದ್ದರೆ ಮಾತ್ರ. ಇದ್ದರೆ ೧೦೦ ಎಂಬುದು ಕೂಡ ಕೆಟ್ಟುಹೋಗುತ್ತದೆ. ಒಂಬತ್ತನ್ನು ಹಾಗೆ ಬದಲಿಸಲಾಗದು, ಜಾಗವೇ ಬದಲಾಗಬೇಕಲ್ಲ. ಒಂದೊಂದನ್ನೇ ಹುಡುಕಿ ಪದವನ್ನು ಹೊಸದಾಗಿ ಟೈಪ್ ಮಾಡುವುದೇ ದಾರಿ.

ಪ್ರಶ್ನೆಯ ರೂಪವೇ ಅಡ್ಡ ಬಂದಾಗ

ಅಕ್ಷರ ಸರಿಯಾದರೂ ಪ್ರಶ್ನೆ ತಲುಪುತ್ತದೆ ಎಂದಿಲ್ಲ. ‘ಬಿಟ್ಟ ಸ್ಥಳ ತುಂಬಿರಿ’ಯಲ್ಲಿ ಉದ್ದಕ್ಕೆ ಅಡಿಗೆರೆ ಎಳೆದಿರುತ್ತೇವೆ. ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರಿನಲ್ಲಿ ಚಿಹ್ನೆ ಓದುವ ಮಟ್ಟ ಕಡಿಮೆ ಇದ್ದರೆ ಆ ಗೆರೆಯನ್ನು ಅದು ಹೇಳುವುದೇ ಇಲ್ಲ. ‘ಕರ್ನಾಟಕದ ರಾಜ್ಯ ಪಕ್ಷಿ ಆಗಿದೆ’ ಎಂದು ಓದಿ ಮುಂದಕ್ಕೆ ಹೋಗುತ್ತದೆ, ಜಾಗ ಬಿಟ್ಟಿದೆ ಎಂಬ ಸುಳಿವೂ ಸಿಗದು. ಮಟ್ಟ ಹೆಚ್ಚಿಸಿದರೆ ಗೆರೆಗಳ ಲೆಕ್ಕ ಒಪ್ಪಿಸುತ್ತದೆ. ಗೆರೆಯ ಜಾಗದಲ್ಲಿ ‘ಖಾಲಿ ಜಾಗ’ ಎಂದು ಆವರಣದೊಳಗೆ ಬರೆದುಬಿಡಿ. ಕಾಣುವ ಮಕ್ಕಳಿಗೂ ಇದರಿಂದ ತೊಂದರೆಯಿಲ್ಲ.

‘ಹೊಂದಿಸಿ ಬರೆಯಿರಿ’ಯನ್ನು ಸ್ಪೇಸ್‌ಬಾರ್ ಒತ್ತಿ ಒತ್ತಿ ಎರಡು ಕಂಬವಾಗಿ ನಿಲ್ಲಿಸಿದರೆ ಸ್ಕ್ರೀನ್ ರೀಡರ್ ಎಡಬಲವನ್ನು ಒಂದೇ ವಾಕ್ಯವಾಗಿ ಓದುತ್ತದೆ, ತಪ್ಪು ಜೋಡಿಗಳನ್ನೇ ಉತ್ತರದಂತೆ ಹೇಳಿದ ಹಾಗೆ. ಮೊದಲು ‘ಅ’ ಪಟ್ಟಿ ಪೂರ್ತಿ, ಕೆಳಗೆ ‘ಬ’ ಪಟ್ಟಿ ಪೂರ್ತಿ ಕೊಡುವುದು ಎಲ್ಲಕ್ಕಿಂತ ಸುಲಭ. ಕೋಷ್ಟಕವೇ ಬೇಕೆಂದರೆ ಇನ್ಸರ್ಟ್‌ನಿಂದ ನಿಜವಾದ ಕೋಷ್ಟಕ ಹಾಕಿ, ಮನೆಗಳನ್ನು ಕೂಡಿಸಬೇಡಿ, ಮೊದಲ ಸಾಲನ್ನು ತಲೆಸಾಲು ಎಂದು ಗುರುತಿಸಿ.

ಕನ್ನಡ ಭಾಷೆಯ ಪತ್ರಿಕೆಯಲ್ಲಿ ‘ಅಡಿಗೆರೆ ಎಳೆದ ಪದದ ವಿರುದ್ಧಾರ್ಥಕ ಬರೆಯಿರಿ’ ಎಂಬುದು ಸಾಮಾನ್ಯ. ಅಡಿಗೆರೆಯನ್ನೂ ಬಣ್ಣವನ್ನೂ ಸ್ಕ್ರೀನ್ ರೀಡರ್ ತಾನಾಗಿ ಹೇಳುವುದಿಲ್ಲ. ‘ಈ ವಾಕ್ಯದಲ್ಲಿರುವ “ಸೋಲು” ಪದದ ವಿರುದ್ಧಾರ್ಥಕ’ ಎಂದು ಪದವನ್ನೇ ಪ್ರಶ್ನೆಯೊಳಗೆ ತನ್ನಿ. ಹೇಗೂ ಕನ್ನಡದಲ್ಲಿ ಅಡಿಗೆರೆ ಒಳ್ಳೆಯದಲ್ಲ. ಅದು ಒತ್ತಕ್ಷರದ ಮೇಲೆಯೇ ಹಾದುಹೋಗಿ, ಮಂದದೃಷ್ಟಿಯ ಮಗುವಿಗೆ ಒತ್ತು ಕಾಣದಂತೆ ಮಾಡುತ್ತದೆ.

ಛಂದಸ್ಸಿನ ಪ್ರಸ್ತಾರವಂತೂ ಅಕ್ಷರದ ತಲೆಯ ಮೇಲೆ ಗೀಟು ಹಾಕುವ ಕೆಲಸ. ಅದನ್ನು ಬಿಟ್ಟುಬಿಡಿ ಎನ್ನುವವರಿದ್ದಾರೆ, ನನಗೆ ಒಪ್ಪಿಗೆಯಿಲ್ಲ. ಲಘು ಗುರು ಕಿವಿಯ ವಿದ್ಯೆ, ಈ ಮಕ್ಕಳಿಗೆ ಅದು ಬೇಗ ಹತ್ತುತ್ತದೆ. ಗುರುತಿನ ಬದಲು ‘ಗು’, ‘ಲ’ ಎಂದು ಅಕ್ಷರದಲ್ಲೇ ಬರೆಯಲು ಬಿಡಿ: ಕನ್ನಡ ಎಂದರೆ ಗು ಲ ಲ, ಭ ಗಣ. ಗಣದ ಕೊನೆಗೆ ಒಂದು ಅಲ್ಪವಿರಾಮ. ಮೌಲ್ಯಮಾಪನ ಮಾಡುವವರಿಗೆ ಇದನ್ನು ಮೊದಲೇ ತಿಳಿಸಿರಬೇಕು.

ಗಣಿತದಲ್ಲಿ ಘಾತಾಂಕ ಮೇಲೇರಿಸಿದ್ದನ್ನು ಸ್ಕ್ರೀನ್ ರೀಡರ್ ಸಾಮಾನ್ಯವಾಗಿ ಬರಿಯ 2 ಎಂದೇ ಓದುತ್ತದೆ, ‘ಎಕ್ಸ್ ವರ್ಗ’ ‘ಎಕ್ಸ್ ಎರಡು’ ಆಗುತ್ತದೆ. ಆಲ್ಟ್ ಜೊತೆ ಸಮಚಿಹ್ನೆ ಒತ್ತಿ ವರ್ಡ್‌ನ ಈಕ್ವೇಶನ್‌ನಲ್ಲಿ ಬರೆದರೆ, ಮ್ಯಾಥ್‌ಕ್ಯಾಟ್ ಎಂಬ ಉಚಿತ ಆಡ್‌ಆನ್ ಇರುವ ಎನ್‌ವಿಡಿಎ ಅದನ್ನು ರಚನೆಸಮೇತ ಓದುತ್ತದೆ. ಅದಿಲ್ಲದ ಕಡೆ ಮಾತಿನಲ್ಲಿ ಬರೆಯಿರಿ, ಆದರೆ ಗೊಂದಲವಿಲ್ಲದಂತೆ. ‘ಎ ಪ್ಲಸ್ ಬಿ ಬೈ ಸಿ’ ಎಂದರೆ ಭಾಗಿಸುವುದು ಯಾವುದನ್ನು? ‘ಅಂಶ ಎ ಪ್ಲಸ್ ಬಿ, ಛೇದ ಸಿ’ ಎನ್ನಿ. ಚಿತ್ರವಾಗಿ ಅಂಟಿಸಿದ ಸಮೀಕರಣ ಯಾರಿಗೂ ಪ್ರಯೋಜನವಿಲ್ಲ.

ಚಿತ್ರ, ನಕ್ಷೆ, ಪಿಡಿಎಫ್

ಚಿತ್ರದ ಮೇಲೆ ಬಲ ಕ್ಲಿಕ್ ಮಾಡಿ ಆಲ್ಟ್ ಟೆಕ್ಸ್ಟ್, ಅಂದರೆ ಚಿತ್ರದ ಬದಲು ಓದಿಸಿಕೊಳ್ಳುವ ವಿವರಣೆ, ಬರೆಯುವುದು ಎಲ್ಲರಿಗೂ ಗೊತ್ತು. ಏನು ಬರೆಯಬೇಕೆಂಬುದೇ ಕಷ್ಟ. ‘ಹೃದಯದ ಚಿತ್ರ’ ಎಂದರೆ ಏನೂ ಹೇಳಿದಂತಾಗಲಿಲ್ಲ. ‘ಎಡ ಹೃತ್ಕುಕ್ಷಿಯನ್ನು ಎ ಎಂದು ಗುರುತಿಸಿದೆ’ ಎಂದರೆ ಉತ್ತರವನ್ನೇ ಕೊಟ್ಟಂತೆ. ‘ಹೃದಯದ ಉದ್ದ ಸೀಳಿಕೆ. ಎ ಗುರುತು ಇರುವುದು ಚಿತ್ರದ ಬಲಬದಿಯ ಕೆಳಗಿನ ಕೋಣೆಗೆ, ಅದರ ಗೋಡೆ ಉಳಿದವುಗಳಿಗಿಂತ ದಪ್ಪ’ ಎಂದರೆ ಮಗು ಯೋಚಿಸಲೇಬೇಕು. ಚಿತ್ರದ ಬಲ ಅಂದರೆ ಹೃದಯದ ಎಡ ಎಂಬುದನ್ನು ಬರೆಯುವವರು ಮರೆಯಬಾರದು. ಚಿತ್ರದ ಲೇಔಟ್ ‘ಪಠ್ಯದ ಸಾಲಿನಲ್ಲಿ’ ಇರಲಿ. ತೇಲುವ ಚಿತ್ರವಾಗಲಿ, ಟೆಕ್ಸ್ಟ್ ಬಾಕ್ಸಿನೊಳಗಿನ ಸೂಚನೆಯಾಗಲಿ ಸರಿಯಾದ ಜಾಗದಲ್ಲಿ ಓದಿಸಿಕೊಳ್ಳುವುದಿಲ್ಲ. ನಕ್ಷೆಯಲ್ಲಿ ಗುರುತಿಸುವ ಪ್ರಶ್ನೆಗೆ ಆಲ್ಟ್ ಟೆಕ್ಸ್ಟ್ ಪರಿಹಾರವಲ್ಲ. ಎಸ್ಎಸ್ಎಲ್‌ಸಿ ಸಮಾಜ ವಿಜ್ಞಾನದಲ್ಲಿ ಅಂಧ ವಿದ್ಯಾರ್ಥಿಗಳಿಗೆ ನಕ್ಷೆಯ ಬದಲು ಬೇರೆ ಪ್ರಶ್ನೆ ಕೊಡುವ ಪದ್ಧತಿಯನ್ನೇ ಶಾಲೆಯ ಪರೀಕ್ಷೆಗೂ ತರಬಹುದು.

ಶೀರ್ಷಿಕೆಯನ್ನು ಬರಿದೇ ದಪ್ಪ ಮಾಡಬೇಡಿ. ಕಂಟ್ರೋಲ್ ಆಲ್ಟ್ 1 ಒತ್ತಿದರೆ ಹೆಡಿಂಗ್ 1, ಹಾಗೆಯೇ 2, 3. ಆಗ ಎನ್‌ವಿಡಿಎಯ ಬ್ರೌಸ್ ಮೋಡ್‌ನಲ್ಲಿ ಎಚ್ ಒತ್ತುತ್ತ ಒಂದು ಮುಖ್ಯ ಪ್ರಶ್ನೆಯಿಂದ ಇನ್ನೊಂದಕ್ಕೆ ಹಾರಬಹುದು. ಇಲ್ಲದಿದ್ದರೆ 30ನೇ ಪ್ರಶ್ನೆಗೆ ಹೋಗಲು 29ನ್ನೂ ಕೇಳಬೇಕು, ಪರೀಕ್ಷೆಯ ಹೊತ್ತು ಅದರಲ್ಲೇ ಕಳೆಯುತ್ತದೆ.

ಪಿಡಿಎಫ್ ಮಾಡುವಾಗ ‘ಪ್ರಿಂಟ್ ಟು ಪಿಡಿಎಫ್’ ಬೇಡ, ಹಾಕಿದ ಶೀರ್ಷಿಕೆಯೂ ಆಲ್ಟ್ ಟೆಕ್ಸ್ಟೂ ಅಲ್ಲೇ ಉದುರಿಹೋಗುತ್ತವೆ. ಸೇವ್ ಆ್ಯಸ್‌ನಲ್ಲಿ ಪಿಡಿಎಫ್ ಆರಿಸಿ, ಆಪ್ಶನ್ಸ್ ಒಳಗೆ ಆ್ಯಕ್ಸೆಸಿಬಿಲಿಟಿಗಾಗಿ ಇರುವ ರಚನಾ ಟ್ಯಾಗ್‌ಗಳಿಗೆ ಟಿಕ್ ಇದೆಯೇ ನೋಡಿ. ಅಷ್ಟಾದರೂ ಕನ್ನಡದ ಪಿಡಿಎಫ್ ಮೇಲೆ ನನಗೆ ಪೂರ್ತಿ ಭರವಸೆಯಿಲ್ಲ. ಪಿಡಿಎಫ್ ಬರೆಯುವುದು ಅಕ್ಷರದ ಆಕಾರವನ್ನು. ಒತ್ತು, ಅರ್ಕಾವತ್ತು ಕಾಣುವ ಕ್ರಮಕ್ಕೂ ಉಚ್ಚಾರದ ಕ್ರಮಕ್ಕೂ ವ್ಯತ್ಯಾಸವಿರುವುದರಿಂದ ಹೊರತೆಗೆಯುವಾಗ ಪದ ಕಲಸಿಹೋಗಬಹುದು. ಇಲ್ಲೂ ನೋಟ್‌ಪ್ಯಾಡ್ ಪರೀಕ್ಷೆ ಮಾಡಿ, ಮಗುವಿಗೆ ವರ್ಡ್ ಕಡತವನ್ನೇ ಕೊಡಿ.

ಬೋರ್ಡಿನ ಫೋಟೊ ತೆಗೆದು ವಾಟ್ಸಾಪ್ ಗುಂಪಿಗೆ ಹಾಕುವುದು ಈಗ ನೋಟ್ಸ್ ಕೊಡುವ ಪದ್ಧತಿಯೇ ಆಗಿದೆ. ಗೂಗಲ್ ಲೆನ್ಸ್ ಕನ್ನಡವನ್ನು ಓದುತ್ತದೆ, ಆದರೆ ಮ ಮತ್ತು ವು, ಪ ಮತ್ತು ವ, ದ ಮತ್ತು ಧಗಳಲ್ಲಿ ತಪ್ಪುತ್ತದೆ, ಕೈಬರಹವಾದರೆ ಇನ್ನೂ ಹೆಚ್ಚು. ಫೋಟೊದ ಜೊತೆ ಅದೇ ವಿಷಯವನ್ನು ಫೋನಿನ ಜಿಬೋರ್ಡ್ ಕೀಲಿಮಣೆಯಲ್ಲಿ ಕನ್ನಡದಲ್ಲಿ ಮಾತಾಡಿ, ತಿದ್ದಿ, ಸಂದೇಶವಾಗಿ ಕಳಿಸಲು ಐದು ನಿಮಿಷ ಹಿಡಿಯುತ್ತದೆ.

ಮಂದದೃಷ್ಟಿಯವರಿಗೆ 18 ಪಾಯಿಂಟ್ ಅಥವಾ ಹೆಚ್ಚು, ಸಾಲಿನ ಅಂತರ 1.5, ಎಡಕ್ಕೆ ಮಾತ್ರ ಹೊಂದಿಸಿದ ಸಾಲು. ಅಂತರ ಕಡಿಮೆಯಾದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1ರ ಹೊಳಪಿನ ವ್ಯತ್ಯಾಸ ಇರಬೇಕೆಂಬುದು ಡಬ್ಲ್ಯುಸಿಎಜಿ ಎಂಬ ಜಾಲತಾಣಗಳ ಸುಗಮ ಬಳಕೆಯ ಮಾನದಂಡ. ಕಿವಿ ಕೇಳದ ಮಕ್ಕಳಿಗಾಗಿ ವಿಡಿಯೊಗೆ ಸಬ್‌ಟೈಟಲ್ ಕಡತ ಮಾಡಿದರೆ ಯೂನಿಕೋಡ್ ಉಳಿಯುವ ಯುಟಿಎಫ್-8 ಎನ್‌ಕೋಡಿಂಗ್‌ನಲ್ಲಿ ಉಳಿಸಿ, ಹಳೆಯ ಎಎನ್ಎಸ್ಐ ಆದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಯಾಗುತ್ತದೆ.

ಪಠ್ಯಪುಸ್ತಕ ಸ್ಕ್ಯಾನ್ ಮಾಡಿದರೆ ಹಕ್ಕುಸ್ವಾಮ್ಯದ ತಕರಾರು ಬರುವುದಿಲ್ಲವೇ ಎಂದು ಹಿಂಜರಿಯುವವರಿಗೆ: 2012ರ ತಿದ್ದುಪಡಿಯ ನಂತರ ಕೃತಿಸ್ವಾಮ್ಯ ಕಾಯ್ದೆಯ 52(1)(ಝಡ್‌ಬಿ) ಪ್ರಕಾರ ಅಂಗವಿಕಲರು ಓದಲು ಬೇಕಾದ ರೂಪದಲ್ಲಿ ಪ್ರತಿ ಮಾಡಿ, ಕಲಿಕೆಗಾಗಿ ಅವರಿಗೆ ಕೊಡುವುದು ಉಲ್ಲಂಘನೆಯಲ್ಲ. ಲಾಭಕ್ಕೆ ಮಾರಬಾರದು, ಅಷ್ಟೆ. 18 ವರ್ಷದವರೆಗೆ ಪುಸ್ತಕ, ಕಲಿಕಾ ಸಾಮಗ್ರಿಯನ್ನು ಉಚಿತವಾಗಿ ಒದಗಿಸುವ ಹೊಣೆಯನ್ನು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸರ್ಕಾರದ ಮೇಲೆಯೇ ಹೊರಿಸಿದೆ. ಶೇಕಡಾ 40 ಅಥವಾ ಹೆಚ್ಚಿನ ವೈಕಲ್ಯವಿರುವ ಮಕ್ಕಳಿಗೆ ಅದು ಅನ್ವಯ.

ಕೊಡುವ ಮುನ್ನ ವರ್ಡ್‌ನ ರಿವ್ಯೂ ಪಟ್ಟಿಯಲ್ಲಿರುವ ಚೆಕ್ ಆ್ಯಕ್ಸೆಸಿಬಿಲಿಟಿ ಒಮ್ಮೆ ಓಡಿಸಿ. ಆಲ್ಟ್ ಟೆಕ್ಸ್ಟ್ ಇಲ್ಲ, ತಲೆಸಾಲಿಲ್ಲ ಎಂದು ಅದು ಹೇಳುತ್ತದೆ. ಆಸ್ಕಿ ಕನ್ನಡವನ್ನು ಹೇಳುವುದಿಲ್ಲ, ಅಂಕಿ ಸೊನ್ನೆಯನ್ನೂ ಹೇಳುವುದಿಲ್ಲ. ಅದಕ್ಕೆ ಎನ್‌ವಿಡಿಎ ಬೇಕು, ಅದು ಉಚಿತ. ಜೊತೆಗೇ ಬರುವ ಇಸ್ಪೀಕ್ ಎಂಬ ಧ್ವನಿ ತಂತ್ರಾಂಶದಲ್ಲಿ ಕನ್ನಡ ಧ್ವನಿ ಇದೆ, ಯಂತ್ರದ ದನಿಯಾದರೂ ಉಚ್ಚಾರ ತಿಳಿಯುತ್ತದೆ. ಇನ್ಸರ್ಟ್, ಕಂಟ್ರೋಲ್, ಎಸ್ಕೇಪ್ ಒಟ್ಟಿಗೆ ಒತ್ತಿದರೆ ಪರದೆ ಕಪ್ಪಾಗುತ್ತದೆ, ಮತ್ತೆ ಒತ್ತಿದರೆ ತೆರೆಯುತ್ತದೆ. ಕಪ್ಪು ಪರದೆಯಲ್ಲಿ ಇನ್ಸರ್ಟ್ ಜೊತೆ ಕೆಳಬಾಣ ಒತ್ತಿ, ನಿಮ್ಮ ಪತ್ರಿಕೆಯ ಮೊದಲ ಹತ್ತು ಪ್ರಶ್ನೆಗಳಿಗೆ ಕೇಳಿಸಿಕೊಂಡೇ ಉತ್ತರ ಬರೆಯಿರಿ. ‘ಏನೆಂದಿತು?’ ಎಂದು ಹಿಂದಕ್ಕೆ ಹೋದ ಜಾಗಗಳನ್ನೆಲ್ಲ ಗುರುತು ಮಾಡಿಕೊಳ್ಳಿ, ತಿದ್ದಬೇಕಾದ್ದು ಅವೇ.