ಡಿವೈಸ್ ಟ್ರೀಯಲ್ಲಿ ವಿಳಾಸ, ಇಂಟರಪ್ಟ್: ಅಂಕಿ ತಪ್ಪುವುದೆಲ್ಲಿ?

ಹೊಸ ಬೋರ್ಡಿನಲ್ಲಿ ಲಿನಕ್ಸ್ ಏಳಿಸುವಾಗ ಡ್ರೈವರ್ ಕೋಡಿಗಿಂತ ಹೆಚ್ಚು ಕಾಡುವುದು ಡಿವೈಸ್ ಟ್ರೀಯಲ್ಲಿ (ಯಾವ ಸಾಧನ ಎಲ್ಲಿದೆ ಎಂದು ಕರ್ನಲ್‌ಗೆ ತಿಳಿಸುವ ವಿವರಣೆ) ಬರೆಯುವ ನಾಲ್ಕಾರು ಅಂಕಿಗಳು. ಅವು ನಿಜವೋ ಸುಳ್ಳೋ ಎಂದು ತಿಳಿಯಲು ಕರ್ನಲ್‌ಗೆ ದಾರಿಯಿಲ್ಲ, ಬರೆದದ್ದನ್ನು ನಂಬಿ ನಡೆಯುತ್ತದೆ. ಒಂದೇ ಸಾಧನಕ್ಕೆ ಚಿಪ್ ಮ್ಯಾನ್ಯುಯಲ್‌ನಲ್ಲಿ ಒಂದು ಅಂಕಿ, ಡಿವೈಸ್ ಟ್ರೀಯಲ್ಲಿ ಇನ್ನೊಂದು, ಓಡುತ್ತಿರುವ ಕರ್ನಲ್‌ನಲ್ಲಿ ಮತ್ತೊಂದು ಇರಬಹುದು. ಯಾವುದು ಯಾರ ಲೆಕ್ಕ ಎಂಬುದು ಗೊತ್ತಿದ್ದರೆ ಅರ್ಧ ಕೆಲಸ ಮುಗಿದ ಹಾಗೆ.

ಉದಾಹರಣೆಗೆ ಕ್ಯೂಎಮು ಎಂಬ ಎಮ್ಯುಲೇಟರಿನ 64-ಬಿಟ್ ಆರ್ಮ್ 'ವರ್ಟ್' ಬೋರ್ಡನ್ನೇ ತೆಗೆದುಕೊಳ್ಳೋಣ. ಹಾರ್ಡ್‌ವೇರ್ ಇಲ್ಲದವರೂ ಇದರ ಮೇಲೆ ಎಲ್ಲವನ್ನೂ ಮಾಡಿ ನೋಡಬಹುದು. ಇಲ್ಲಿ ಬರುವ ವಿಳಾಸಗಳು, ಗಾತ್ರಗಳೆಲ್ಲ ಹೆಕ್ಸ್‌ನಲ್ಲಿವೆ. ರ‍್ಯಾಮ್ 40000000ರಿಂದ ಶುರು, ಪಿಎಲ್011 ಯುಆರ್ಟ್ (ಸೀರಿಯಲ್ ಪೋರ್ಟ್) 09000000ದಲ್ಲಿದೆ, ಗಾತ್ರ 1000. ಟ್ರೀಯಲ್ಲಿ ಪ್ರತಿ ಸಾಧನಕ್ಕೂ ಒಂದು ನೋಡ್, ಯುಆರ್ಟ್ ನೋಡಿನ ರೆಗ್ ಹೀಗಿರುತ್ತದೆ: <0 09000000 0 1000>. ಮೊದಲ ಎರಡು ಸೆಲ್ (32 ಬಿಟ್‌ನ ಅಂಕಿ) ವಿಳಾಸ, ಉಳಿದೆರಡು ಗಾತ್ರ, ಪ್ರತಿ ಜೋಡಿಯಲ್ಲೂ ಮೇಲಿನ 32 ಬಿಟ್ ಮೊದಲು. ಹೀಗೆ ಓದಬೇಕೆಂದು ಹೇಳುವುದು ತಾಯಿ ನೋಡಿನ ಅಡ್ರೆಸ್-ಸೆಲ್ಸ್, ಸೈಜ್-ಸೆಲ್ಸ್. ಯಾವುದೇ ನೋಡಿನಲ್ಲಿ ಬರೆದ ಇವೆರಡು ಅದರ ಮಕ್ಕಳಿಗೆ ಮಾತ್ರ ಅನ್ವಯ. ತಾಯಿಯಲ್ಲಿ ಸೈಜ್-ಸೆಲ್ಸ್ 1 ಎಂದಿದ್ದರೆ ಇದೇ ಸಾಲಿನ ಗಾತ್ರವನ್ನು ಕರ್ನಲ್ ಸೊನ್ನೆ ಎಂದು ಓದಿಕೊಳ್ಳುತ್ತದೆ, ಮ್ಯಾಪಿಂಗ್ ಕೆಡುತ್ತದೆ. ಡಿವೈಸ್ ಟ್ರೀಯ ಡಿಟಿಸಿ ಕಂಪೈಲರ್ ಇಂಥದ್ದಕ್ಕೆ ಎಚ್ಚರಿಕೆ ಕೊಡುತ್ತದೆ. ದಯವಿಟ್ಟು ಅದನ್ನು ಬಾಯಿ ಮುಚ್ಚಿಸಬೇಡಿ.

ಬಸ್ ನೋಡಿನ ರೇಂಜಸ್ (ಬಸ್ ವಿಳಾಸವನ್ನು ಸಿಪಿಯು ವಿಳಾಸಕ್ಕೆ ಹೊಂದಿಸುವ ಸಾಲು) ಮರೆತರೆ ಅದರೊಳಗಿನ ವಿಳಾಸಗಳು ಸಿಪಿಯು ವಿಳಾಸಗಳಾಗಿ ಬದಲಾಗುವುದೇ ಇಲ್ಲ, ಡ್ರೈವರ್‌ಗೆ ಮೆಮೊರಿ ರಿಸೋರ್ಸ್ ಸಿಗುವುದಿಲ್ಲ. ಖಾಲಿ ರೇಂಜಸ್ ಎಂದರೆ ಎರಡೂ ಕಡೆ ಒಂದೇ ವಿಳಾಸ ಎಂದರ್ಥ. ಖಾಲಿ ಬಿಡುವುದಕ್ಕೂ ಬರೆಯದೇ ಇರುವುದಕ್ಕೂ ಇಷ್ಟು ಅಂತರ. ಮೊದಲ ರಾಸ್ಪ್‌ಬೆರಿ ಪೈನ ಬಿಸಿಎಂ2835 ಚಿಪ್‌ನಲ್ಲಿ ಮ್ಯಾನ್ಯುಯಲ್ ಕೊಡುವುದು 7ಇ000000ದಿಂದ ಶುರುವಾಗುವ ಬಸ್ ವಿಳಾಸ, ಆರ್ಮ್ ಕೋರ್‌ಗೆ ಅದೇ ಜಾಗ ಕಾಣುವುದು 20000000ದಲ್ಲಿ. ರೇಂಜಸ್ ಇರುವುದೇ ಇಂಥ ಕಡೆಗೆ: ನೋಡುಗಳಲ್ಲಿ ಮ್ಯಾನ್ಯುಯಲ್‌ನ ವಿಳಾಸವನ್ನೇ ಬರೆಯಿರಿ, ಬದಲಾವಣೆ ಒಂದೇ ಸಾಲಿನಲ್ಲಿ ಆಗಲಿ.

ರ‍್ಯಾಮ್ ಗಾತ್ರ ಕಡಿಮೆ ಬರೆದರೆ ಸ್ವಲ್ಪ ಮೆಮೊರಿ ವ್ಯರ್ಥ, ಅಷ್ಟೇ. ಹೆಚ್ಚು ಬರೆದರೆ ಬೋರ್ಡ್ ಬೂಟ್ ಆಗಬಹುದು, ಲಾಗಿನ್ ಕೂಡ ಬರಬಹುದು, ಆಮೇಲೆ ಲೋಡ್ ಏರಿದಾಗ ಸಂಬಂಧವೇ ಇಲ್ಲದ ಕಡೆ ಕ್ರ್ಯಾಶ್ ಆಗುತ್ತದೆ. ಎಷ್ಟೋ ಕಂಟ್ರೋಲರ್‌ಗಳಲ್ಲಿ ಇಲ್ಲದ ವಿಳಾಸ ಸುತ್ತಿಕೊಂಡು ರ‍್ಯಾಮ್‌ನ ಆರಂಭಕ್ಕೇ ಬಂದು, ಅಲ್ಲಿರುವುದರ ಮೇಲೆ ಬರೆಯುತ್ತದೆ. ಸಂಶಯವಿದ್ದರೆ ಕರ್ನಲ್‌ನಲ್ಲಿ ಮೆಮ್‌ಟೆಸ್ಟ್ ಸೇರಿಸಿ, ಬೂಟ್ ಸಾಲಿನಲ್ಲಿ ಮೆಮ್‌ಟೆಸ್ಟ್=4 ಕೊಟ್ಟು ನೋಡಿ. ಬೂಟ್‌ಲೋಡರ್ ಆದ ಯು-ಬೂಟ್ ಸಾಮಾನ್ಯವಾಗಿ ಮೆಮೊರಿ ನೋಡನ್ನು ತಾನೇ ತಿದ್ದಿ ಕರ್ನಲ್‌ಗೆ ಕೊಡುತ್ತದೆ ಎಂಬುದೂ ನೆನಪಿರಲಿ. ಹಾಗಾಗಿ ಸೋರ್ಸ್ ಫೈಲ್ ನೋಡಿ ತೀರ್ಮಾನಿಸಬೇಡಿ, ಓಡುತ್ತಿರುವ ಕರ್ನಲ್‌ಗೆ ತಲುಪಿದ ಟ್ರೀಯನ್ನು ನೋಡಿ. /ಸಿಸ್/ಫರ್ಮ್‌ವೇರ್/ಡಿವೈಸ್‌ಟ್ರೀ/ಬೇಸ್‌ನಲ್ಲಿ ಅದು ಪೂರ್ತಿ ಸಿಗುತ್ತದೆ.

ಡಿಎಸ್‌ಪಿಯಂಥ ಇನ್ನೊಂದು ಪ್ರೊಸೆಸರ್ ಬಳಸುವ ರ‍್ಯಾಮ್ ತುಂಡನ್ನು ರಿಸರ್ವ್ಡ್-ಮೆಮೊರಿ ಅಡಿಯಲ್ಲಿ ನೋ-ಮ್ಯಾಪ್ ಜೊತೆಗೆ ಬರೆಯಬೇಕು. ನೋ-ಮ್ಯಾಪ್ ಬಿಟ್ಟರೆ ಕರ್ನಲ್ ಆ ಜಾಗವನ್ನು ಹಂಚುವುದಿಲ್ಲ ನಿಜ, ಆದರೆ ಅದರ ಕ್ಯಾಶ್ ಆಗುವ ಮ್ಯಾಪಿಂಗ್ ಹಾಗೇ ಉಳಿಯುತ್ತದೆ, ಸಿಪಿಯು ಊಹೆಯ ಮೇಲೆ ಅದನ್ನು ಓದಬಹುದು.

ವಿಳಾಸ ಸರಿಯಿದ್ದೂ ಮೊದಲ ರಿಜಿಸ್ಟರ್ ಓದಿದೊಡನೆ ಎಕ್ಸ್‌ಟರ್ನಲ್ ಅಬಾರ್ಟ್ (ಬಸ್ ಕಡೆಯಿಂದ ಬರುವ ದೋಷ) ಬಂದರೆ ಕ್ಲಾಕ್ ನೋಡಿ. ಕ್ಲಾಕೋ ಪವರ್ ಡೊಮೇನೋ ಆಫ್ ಆಗಿರುವ ಬ್ಲಾಕ್ ಉತ್ತರ ಕೊಡುವುದಿಲ್ಲ. ಕೆಲವು ಚಿಪ್‌ಗಳಲ್ಲಿ ಅಬಾರ್ಟ್ ಕೂಡ ಬರದೆ ಇಡೀ ಬಸ್ ನಿಂತುಬಿಡುತ್ತದೆ.

ಈಗ ಇಂಟರಪ್ಟ್, ಅಂದರೆ ಸಾಧನ ಸಿಪಿಯುವಿನ ಗಮನ ಸೆಳೆಯುವ ಸಂಕೇತ. ಆರ್ಮ್‌ನ ಇಂಟರಪ್ಟ್ ಕಂಟ್ರೋಲರ್ ಆದ ಜಿಕ್‌ನಲ್ಲಿ 0–15 ಎಸ್‌ಜಿಐ (ಸಾಫ್ಟ್‌ವೇರ್ ಕಳಿಸುವವು), 16–31 ಪಿಪಿಐ (ಒಂದೊಂದು ಕೋರ್‌ನ ಸ್ವಂತದವು), 32ರಿಂದ ಮೇಲೆ ಎಸ್‌ಪಿಐ (ಎಲ್ಲ ಕೋರ್‌ಗಳಿಗೂ ಸೇರಿದವು, ಇದೇ ಹೆಸರಿನ ಬಸ್ ಅಲ್ಲ). ನಮ್ಮ ಯುಆರ್ಟ್‌ನ ಜಿಕ್ ಐಡಿ 33. ಡಿವೈಸ್ ಟ್ರೀಯಲ್ಲಿ ಬರೆಯುವುದು ಮಾತ್ರ <0 1 4>: 0 ಎಂದರೆ ಎಸ್‌ಪಿಐ, 1 ಎಂದರೆ 33ರಿಂದ 32 ಕಳೆದದ್ದು, 4 ಎಂದರೆ ಲೆವೆಲ್-ಹೈ (ಲೈನ್ ಮೇಲಿರುವಷ್ಟು ಹೊತ್ತೂ ಇಂಟರಪ್ಟ್). ಮ್ಯಾನ್ಯುಯಲ್‌ನ ಕೋಷ್ಟಕ ಆ 32ನ್ನು ಸೇರಿಸಿ ಬರೆದಿದೆಯೋ ಇಲ್ಲವೋ ಎಂದು ಮೊದಲೇ ನೋಡಿಕೊಳ್ಳಿ, ಚಿಪ್‌ನಿಂದ ಚಿಪ್‌ಗೆ ಅದು ಬೇರೆ. ಇಲ್ಲಿ 33 ಎಂದೇ ಬರೆದರೆ ಕರ್ನಲ್ ಐಡಿ 65ಕ್ಕಾಗಿ ಕಾಯುತ್ತದೆ. ಲಕ್ಷಣ ಸ್ಪಷ್ಟ: ಕರ್ನಲ್ ಲಾಗ್ ಪೂರ್ತಿ ಬರುತ್ತದೆ, ಏಕೆಂದರೆ ಕನ್ಸೋಲ್ ಬರೆಯುವುದು ಪೋಲಿಂಗ್‌ನಲ್ಲಿ, ಇಂಟರಪ್ಟ್‌ಗೆ ಕಾಯದೆ. ಯೂಸರ್‌ಸ್ಪೇಸ್ ಶುರುವಾದೊಡನೆ ಸಾಲು ಅರ್ಧಕ್ಕೆ ನಿಲ್ಲುತ್ತದೆ, ಕೀ ಒತ್ತಿದರೆ ಪ್ರತಿಕ್ರಿಯೆಯಿಲ್ಲ. ಈ ಲಕ್ಷಣ ಕಂಡರೆ ಬಾಡ್ ರೇಟ್ ಹುಡುಕುತ್ತಾ ಕೂರಬೇಡಿ.

/ಪ್ರಾಕ್/ಇಂಟರಪ್ಟ್ಸ್‌ನಲ್ಲಿ ಎಡತುದಿಯ ಸಂಖ್ಯೆ ಲಿನಕ್ಸ್ ತಾನೇ ಕೊಟ್ಟುಕೊಂಡದ್ದು, ಮ್ಯಾನ್ಯುಯಲ್‌ಗೂ ಅದಕ್ಕೂ ಸಂಬಂಧವಿಲ್ಲ. ಜಿಕ್ ಎಂಬ ಹೆಸರಿನ ಮುಂದಿನ ಸಂಖ್ಯೆ ಹಾರ್ಡ್‌ವೇರ್ ಐಡಿ, ಅಲ್ಲಿ 33 ಕಾಣಬೇಕು. ಎಣಿಕೆ ಸೊನ್ನೆಯಲ್ಲೇ ನಿಂತಿದ್ದರೆ ಐಡಿ ತಪ್ಪು, ಇಲ್ಲವೇ ಸಾಧನದೊಳಗಿನ ಮಾಸ್ಕ್ (ಇಂಟರಪ್ಟ್ ತಡೆಹಿಡಿಯುವ ಬಿಟ್) ತೆರೆದಿಲ್ಲ.

ಮೂರನೇ ಸೆಲ್‌ಗೆ ಹೆಚ್ಚು ಗಮನ ಬೇಕು. ಲೆವೆಲ್ ಸಾಧನವನ್ನು ಎಡ್ಜ್ (ಲೈನ್ ಬದಲಾಗುವ ಕ್ಷಣಕ್ಕೆ ಮಾತ್ರ ಇಂಟರಪ್ಟ್) ಎಂದು ಬರೆದರೂ ಅದು ಗಂಟೆಗಟ್ಟಲೆ ಸರಿಯಾಗಿಯೇ ನಡೆಯಬಹುದು. ಮೊದಲ ಕಾರಣ ತೆರವಾಗುವ ಮುನ್ನ ಎರಡನೆಯದು ಬಂದಾಗ ಲೈನ್ ಕೆಳಗಿಳಿಯುವುದೇ ಇಲ್ಲ, ಹೊಸ ಎಡ್ಜ್ ಹುಟ್ಟುವುದಿಲ್ಲ, ಇಂಟರಪ್ಟ್ ಅಲ್ಲಿಗೆ ನಿಂತಿತು. ಎಸ್‌ಪಿಐಗೆ ಲೆವೆಲ್-ಹೈ ಮತ್ತು ರೈಸಿಂಗ್ ಎಡ್ಜ್ ಮಾತ್ರ ಸಾಧ್ಯ. ಆಕ್ಟಿವ್-ಲೋ (ಲೈನ್ ಕೆಳಗಿಳಿಸಿ ಸೂಚಿಸುವ) ಸೆನ್ಸರ್ ಇದ್ದರೆ ಸಾಮಾನ್ಯವಾಗಿ ಜಿಪಿಐಒ (ಸಾಮಾನ್ಯ ಬಳಕೆಯ ಪಿನ್‌ಗಳ) ಕಂಟ್ರೋಲರ್ ಮೂಲಕ ತರಬೇಕು. ಆಗ ಇಂಟರಪ್ಟ್-ಪೇರೆಂಟ್ ಅದನ್ನೇ ತೋರಿಸಬೇಕು, ಸೆಲ್‌ಗಳೂ ಹೆಚ್ಚಾಗಿ ಎರಡೇ.

ಲೆವೆಲ್ ಇಂಟರಪ್ಟ್‌ನ ಕಾರಣವನ್ನು ತೆರವು ಮಾಡದೆ ಹ್ಯಾಂಡ್ಲರ್ (ಇಂಟರಪ್ಟ್ ಬಂದಾಗ ಓಡುವ ಡ್ರೈವರ್ ಕೋಡ್) ಹಿಂತಿರುಗಿದರೆ ಮರುಕ್ಷಣವೇ ಮತ್ತೆ ಅದೇ ಇಂಟರಪ್ಟ್. ಹ್ಯಾಂಡ್ಲರ್ 'ನನ್ನದಲ್ಲ' ಎಂದು ಪ್ರಾಮಾಣಿಕವಾಗಿ ಹೇಳಿದರೆ ಕರ್ನಲ್ 1,00,000 ಇಂಟರಪ್ಟ್‌ಗಳಲ್ಲಿ 99,900ಕ್ಕಿಂತ ಹೆಚ್ಚು ಅನಾಥವಾದದ್ದನ್ನು ಕಂಡು 'ನೋಬಡಿ ಕೇರ್ಡ್' ಎಂದು ಬರೆದು ಆ ಲೈನ್ ಮುಚ್ಚುತ್ತದೆ. ಸ್ಟೇಟಸ್ ರಿಜಿಸ್ಟರ್ ನೋಡದೆ ಪ್ರತಿಸಲ 'ನಿಭಾಯಿಸಿದೆ' ಎನ್ನುವ ಹ್ಯಾಂಡ್ಲರ್ ಈ ರಕ್ಷಣೆಯನ್ನೂ ತಪ್ಪಿಸಿ ಸಿಪಿಯುವನ್ನೇ ನುಂಗಿಬಿಡುತ್ತದೆ. ತೆರವಿನ ಬರಹ ಬಸ್‌ನಲ್ಲಿ ತಡವಾಗಿ ತಲುಪಿದರೂ ಒಂದು ಸುಳ್ಳು ಇಂಟರಪ್ಟ್ ಹೆಚ್ಚುವರಿಯಾಗಿ ಬರಬಹುದು. ಬರೆದ ಮೇಲೆ ಅದೇ ಸಾಧನದ ಒಂದು ರಿಜಿಸ್ಟರ್ ಓದಿಬಿಡಿ, ಬರಹ ತಲುಪಿಯೇ ಓದು ಹಿಂತಿರುಗುತ್ತದೆ.

ಪ್ರೋಬ್‌ನಲ್ಲಿ, ಅಂದರೆ ಡ್ರೈವರ್ ಸಾಧನವನ್ನು ಸಿದ್ಧಗೊಳಿಸುವ ಹಂತದಲ್ಲಿ, ಕ್ರಮವೂ ಮುಖ್ಯ. ಬೂಟ್‌ಲೋಡರ್ ಬಳಸಿದ ಸಾಧನದಲ್ಲಿ ಹಳೆಯ ಇಂಟರಪ್ಟ್ ಬಾಕಿ ಉಳಿದಿರಬಹುದು. ಕ್ಲಾಕ್ ಆನ್ ಮಾಡಿ, ಸಾಧನದ ಮಾಸ್ಕ್ ಮುಚ್ಚಿ, ಬಾಕಿ ಸ್ಟೇಟಸ್ ತೆರವು ಮಾಡಿ, ಡ್ರೈವರ್‌ನ ಡೇಟಾ ಪೂರ್ತಿ ತುಂಬಿಸಿ, ಆನಂತರ ಐಆರ್‌ಕ್ಯೂ (ಇಂಟರಪ್ಟ್ ಲೈನ್) ಕೇಳಿ, ಕೊನೆಗೆ ಮಾಸ್ಕ್ ತೆರೆಯಿರಿ. ಐಆರ್‌ಕ್ಯೂ ಮೊದಲು ಕೇಳಿದರೆ ಹ್ಯಾಂಡ್ಲರ್ ತಕ್ಷಣವೇ ಓಡಿ, ಇನ್ನೂ ತುಂಬದ ಪಾಯಿಂಟರ್ ಮುಟ್ಟಿ ಕರ್ನಲ್ ಊಪ್ಸ್ (ಕರ್ನಲ್‌ನೊಳಗಿನ ಗಂಭೀರ ದೋಷ) ಆಗುತ್ತದೆ, ಅದೂ ಬೂಟ್‌ಲೋಡರ್ ಆ ಸಾಧನವನ್ನು ಮುಟ್ಟಿದ ಸಲ ಮಾತ್ರ.