ಮತ್ತು ಸಂಗಡಿಗರು

ಭಾನುವಾರ, 16 ನವೆಂಬರ್ 2025

ಆ ಹುಡುಗ ಮತ್ತೆ ಫೋನ್ ಮಾಡಿದ್ದ. ಮೊನ್ನೆವರೆಗೂ ಮೇಡಂ ಅನ್ನುತ್ತಿದ್ದವನು ಇವತ್ತು ಅಕ್ಕ ಅಂದ. "ಅಕ್ಕ, ಸಿಕ್ತಾ?"

ಸಿಕ್ಕಿಲ್ಲ. ಸಿಕ್ಕಿದೆ ಅಂತಲೂ ಹೇಳಬಹುದು. ಅವನಿಗೆ ಸರಿಯಾಗಿ ಹೇಳಲು ಬರಲಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಅವನ ತಾತ ನೀಲಗಾರರು, ಕೊಳ್ಳೇಗಾಲದ ಕಡೆಯವರು. ಮಂಟೇಸ್ವಾಮಿ, ಸಿದ್ದಪ್ಪಾಜಿಯಂಥ ಪವಾಡಪುರುಷರ ಕತೆ ಹಾಡಿಕೊಂಡೇ ಬದುಕಿದವರು. ಈಗ ಒಂದು ಸಾಲು ಹಾಡುವಷ್ಟರಲ್ಲಿ ಏದುಸಿರು. ಕಲಾವಿದರ ಮಾಸಾಶನಕ್ಕೆ ಅರ್ಜಿ ಹಾಕಬೇಕಂತೆ. ಕಾರ್ಯಕ್ರಮ ಕೊಟ್ಟಿದ್ದಕ್ಕೆ ದಾಖಲೆ ಕೇಳಿದ್ದಾರೆ: ಆಹ್ವಾನ ಪತ್ರಿಕೆ, ಪ್ರಮಾಣ ಪತ್ರ, ಫೋಟೋ, ಪೇಪರ್ ಕಟಿಂಗು, ಏನಾದರೂ.

"ವಯಸ್ಸಿಗೆ ಆಧಾರ್ ಅದೆ ಅಕ್ಕ, ಹಾಡಿದ್ದಕ್ಕೆ ಯಾವ ಆಧಾರ ತರದು?" ಅಂದು ತಾನೇ ನಕ್ಕ. "ತಾತ, ಆಫೀಸಲ್ಲೇ ಕುಂತ್ಕಂಡು ಹಾಡ್ತೀನಿ, ಕೇಳ್ಲಿ ಅಂತವ್ರೆ. ಕೇಳೋರ್ಯಾರಕ್ಕ?"

ತಾತನಿಗೆ ಇಸವಿ ನೆನಪಿಲ್ಲ. ಮೈಸೂರಲ್ಲಿ ಪೆಂಡಾಲು ಹಾಕಿದ್ದು, ದಪ್ಪ ಕನ್ನಡಕದ ಮೇಷ್ಟ್ರು ಕರೆಸಿದ್ದು, ಊಟಕ್ಕೆ ಗಸಗಸೆ ಪಾಯಸ ಇದ್ದದ್ದು ನೆನಪಿದೆ. ದಪ್ಪ ಕನ್ನಡಕದ ಮೇಷ್ಟ್ರು ನಮ್ಮಪ್ಪ. ಪಾಯಸದ ಗುರುತು ಹಿಡಿದು ಇಸವಿ ಹೇಳಿದ್ದು ಅಮ್ಮ. "ಎಂಬತ್ತೇಳು. ನನ್ನ ಕೈಲೇ ಗಸಗಸೆ ರುಬ್ಬಿಸಿದ್ರು, ಮರೀತೀನಾ?"

ಅಟ್ಟದ ಟ್ರಂಕು ಇಳಿಸಿ ನಾಲ್ಕು ದಿನ ಆಯಿತು. ನಡುಮನೆಯಲ್ಲಿ ಓಡಾಡಲು ಜಾಗವಿಲ್ಲ. ಅಪ್ಪ ಹೋದ ಮೇಲೆ ಅದನ್ನು ಯಾರೂ ತೆಗೆದಿರಲಿಲ್ಲ. ಮೇಲೆ ಕ್ಯಾಸೆಟ್ಟುಗಳು, ಅಡಿಯಲ್ಲಿ ಫೈಲುಗಳು. ಒಂದು ಫೈಲಿನ ಬೆನ್ನನ್ನು ಬೆಳ್ಳಿಮೀನು ಹುಳ ತಿಂದು ಜಾಲರಿ ಮಾಡಿದೆ. ಎಂಬತ್ತೇಳರ ಆಹ್ವಾನ ಪತ್ರಿಕೆ ಮೊದಲ ದಿನವೇ ಸಿಕ್ಕಿತು. ನೀಲಗಾರರ ಮೇಳ ಅಂತ ಇದೆ. ಮುಮ್ಮೇಳದವರ, ಅಂದರೆ ಮುಂದೆ ನಿಂತು ಹಾಡುವವರ ಹೆಸರಿದೆ. ಆಮೇಲೆ "ಮತ್ತು ಸಂಗಡಿಗರು".

ಹುಡುಗನ ತಾತ ಆ ಸಂಗಡಿಗರಲ್ಲಿ ಒಬ್ಬರು. ಗಗ್ಗರ ಅನ್ನುವ ತಾಳವಾದ್ಯ ಹಿಡಿದು ಸೊಲ್ಲು ಕೊಡುತ್ತಿದ್ದರಂತೆ, ಅಂದರೆ ಮುಂದಿನವರ ಹಾಡಿಗೆ ಹಿಂದಿನಿಂದ ದನಿ ಸೇರಿಸುವುದು.

ಸಂಭಾವನೆ ರಿಜಿಸ್ಟರ್ ತೆಗೆದೆ. ತಂಡಕ್ಕೆ 200 ರೂಪಾಯಿ, ರೆವಿನ್ಯೂ ಸ್ಟಾಂಪಿನ ಮೇಲೆ ಒಂದೇ ಹೆಬ್ಬೆಟ್ಟು. ಅದೂ ಮುಮ್ಮೇಳದವರದ್ದೇ. ಕ್ಯಾಸೆಟ್ ಮೇಲೆ ಅಪ್ಪನ ಅಕ್ಷರ: "ನೀಲಗಾರರು, ರಾತ್ರಿ, 2". ಅಷ್ಟೇ. ಅಪ್ಪನ ಮೇಲೆ ಸಿಟ್ಟು ಬಂತು. ಆಮೇಲೆ ನನ್ನ ಮೇಲೇ ಬಂತು. ಇಂಥ ಆಹ್ವಾನ ಪತ್ರಿಕೆಗಳ ಪ್ರೂಫ್ ನಾನೆಷ್ಟು ನೋಡಿಲ್ಲ! ಜಾಗ ಸಾಲದಿದ್ದರೆ ಮೊದಲು ಹೊಡೆದು ಹಾಕುವುದು ಹಿಮ್ಮೇಳದವರನ್ನು. ಉದ್ಘಾಟಕರ ಒಂದು ಬಿರುದನ್ನೂ ಮುಟ್ಟುವ ಹಾಗಿಲ್ಲ.

ತುಳುವಿನ ಉದ್ದನೆಯ ಹಾಡುಗತೆ ಸಿರಿ ಪಾಡ್ದನ ಮತ್ತೆ ಮತ್ತೆ ನೆನಪಾಗುತ್ತಿದೆ. ಮಾಚಾರಿನ ಗೋಪಾಲ ನಾಯ್ಕರು 1990ರ ಡಿಸೆಂಬರಿನಲ್ಲಿ ದಿನಗಟ್ಟಲೆ ಹೇಳಿದ್ದು, 15,683 ಸಾಲು. ಫಿನ್ಲೆಂಡಿನ ಜಾನಪದ ವಿದ್ವಾಂಸ ಲೌರಿ ಹಾಂಕೋ ಜೊತೆ ನಮ್ಮವರೂ ಕೂತು ದಾಖಲಿಸಿದರು. 1998ರಲ್ಲಿ ಅಚ್ಚಾದಾಗ ಪಾಡ್ದನದ ಪಠ್ಯಕ್ಕೆ ಎರಡು ಸಂಪುಟ. ಅದನ್ನು ಹೇಗೆ ಹೇಳಿಸಿದೆವು, ಹೇಗೆ ಬರೆದುಕೊಂಡೆವು ಅನ್ನುವುದಕ್ಕೇ ಇನ್ನೊಂದು ದಪ್ಪ ಸಂಪುಟ. ಇಷ್ಟು ಪುಟ ಯಾಕೆ ಬೇಕಿತ್ತು ಅಂತ ಒಂದು ಕಾಲದಲ್ಲಿ ನಾನೇ ಕೊಂಕು ಆಡಿದ್ದೆ. ನಮ್ಮಲ್ಲಿ ಆ ಭಾಗ್ಯ ಎಷ್ಟು ಹಾಡುಗಾರರಿಗಿದೆ?

ಜನಪದರ ವಸ್ತುಗಳಿಗೆ ಮನೆ ಸಿಕ್ಕಿದೆ. ಮೈಸೂರಿನ ಜಯಲಕ್ಷ್ಮೀ ವಿಲಾಸದ ಜಾನಪದ ವಸ್ತುಸಂಗ್ರಹಾಲಯದಲ್ಲಿ 1968ರಿಂದ, ರಾಮನಗರದ ಹತ್ತಿರ ನಾಗೇಗೌಡರು ಕಟ್ಟಿದ ಜಾನಪದ ಲೋಕದಲ್ಲಿ. ಹಾಡಿಗೂ ಸಿಕ್ಕಿದೆ, 1982ರಲ್ಲಿ ಶುರುವಾಗಿ ಈಗ ಗುರುಗ್ರಾಮದಲ್ಲಿರುವ, ಧ್ವನಿಮುದ್ರಣಗಳಿಗೆಂದೇ ಇರುವ ಒಂದು ಭಂಡಾರವಿದೆ. ಆದರೆ ಬಸ್ ಚಾರ್ಜಿನ ವೋಚರನ್ನು ಯಾರು ಇಟ್ಟುಕೊಳ್ಳುತ್ತಾರೆ? ನಾನು ಕೆಲಸ ಮಾಡಿದ್ದ ಒಂದು ಸಂಸ್ಥೆಯಲ್ಲಿ ಕ್ಯಾಸೆಟ್ಟುಗಳಿಗೆ ಬೀಗ ಹಾಕಿದ ಬೀರು ಇತ್ತು. ಇಪ್ಪತ್ತು ವರ್ಷದ ವೋಚರುಗಳು ಆಡಿಟ್ ಮುಗಿದ ಮೇಲೆ ರದ್ದಿಯವನ ತಕ್ಕಡಿಗೆ ಹೋದವು. ನಾನೂ ನಿಂತು ನೋಡಿದೆ. ಜಾಗ ಖಾಲಿಯಾಯಿತಲ್ಲ ಅಂತ ಖುಷಿಪಟ್ಟಿದ್ದೆ ಕೂಡ.

ಇವತ್ತು ಮಧ್ಯಾಹ್ನ ಸಿಕ್ಕಿದ್ದು ಅಂಥದ್ದೇ ಒಂದು ಚೀಟಿ.

ಗುಂಡುಸೂಜಿ ತುಕ್ಕು ಹಿಡಿದು ಕಾಗದಕ್ಕೆ ಕಂದು ಕಲೆ ಹತ್ತಿದೆ. ಹೋಗಿ ಬರುವ ಬಸ್ ಚಾರ್ಜು, ತಲೆಗೆ 12 ರೂ. 50 ಪೈಸೆ, ಐದು ಜನಕ್ಕೆ 62 ರೂ. 50 ಪೈಸೆ. ತಲೆ ಲೆಕ್ಕ ಕೊಡಬೇಕಿತ್ತಲ್ಲ, ಐದೂ ಹೆಸರು ಬರೆದಿದ್ದಾರೆ! ಐದೂ ಹೆಬ್ಬೆಟ್ಟು. ನಾಲ್ಕನೆಯದು ತಾತನ ಹೆಸರು. "ಅಮ್ಮಾ" ಅಂತ ಕೂಗಿಬಿಟ್ಟೆ, ಅವರು ಹಾವು ಬಂತೇನೋ ಅಂತ ಓಡಿ ಬಂದರು.

ಆದರೆ ಹೆಸರಿನ ಮುಂದೆ ಊರಿಲ್ಲ. ಸಿದ್ದಪ್ಪಾಜಿ ಒಕ್ಕಲಿನಲ್ಲಿ ಮನೆಗೊಬ್ಬರಿಗೆ ಇರುವ ಹೆಸರು ಅದು. ಇದೇ ತಾತ ಅಂತ ಹೇಳುವುದು ಹೇಗೆ? ಹೆಬ್ಬೆಟ್ಟು ತಾಳೆ ನೋಡುವಷ್ಟು ವ್ಯವಧಾನ ಯಾವ ಕಚೇರಿಗಿದೆ?

ಉಳಿದದ್ದು ಕ್ಯಾಸೆಟ್. ಹಾಡು ಶುರುವಾಗುವ ಮೊದಲು ಒಬ್ಬೊಬ್ಬರಿಂದಲೂ ಹೆಸರು, ಊರು ಹೇಳಿಸುವುದು ಅಪ್ಪನ ಅಭ್ಯಾಸ. ಹೇಳಿಸಿದ್ದೇನೋ ಸರಿ, ಅದನ್ನು ಕವರಿನ ಮೇಲೆ ಬರೆದಿದ್ದರೆ ಕೈ ಸವೆಯುತ್ತಿತ್ತೇ! ಟೇಪ್ ರೆಕಾರ್ಡರಿನ ಬೆಲ್ಟು ಕರಗಿ ಡಾಂಬರಿನ ಹಾಗೆ ಬೆರಳಿಗೆ ಅಂಟಿತು. ಪಕ್ಕದ ಬೀದಿಯ ರಿಪೇರಿಯವರು ಯಾವುದೋ ಹಳೆ ಸೆಟ್ಟಿನದು ತೆಗೆದು ಹಾಕಿಕೊಟ್ಟರು. ಕ್ಯಾಸೆಟ್ಟಿನೊಳಗೆ ಟೇಪನ್ನು ಹೆಡ್ಡಿಗೆ ಒತ್ತಿ ಹಿಡಿಯುವ ಉಗುರಿನಷ್ಟು ಬಟ್ಟೆ ಉದುರಿತ್ತು. ಒಂದು ಚಿತ್ರಗೀತೆ ಕ್ಯಾಸೆಟ್ ಬಿಚ್ಚಿ ಅದರದ್ದನ್ನು ತೆಗೆದು ಅಂಟಿಸಿದೆ. ಡಿಜಿಟಲ್ ಮಾಡಿಸಲು ವಿಚಾರಿಸಿದ್ದೇನೆ. 96 ಕಿಲೋಹರ್ಟ್ಸ್, 24 ಬಿಟ್‌ನಲ್ಲಿ ಇಳಿಸಿದರೆ ಗಂಟೆಗೆ ಎರಡು ಜಿಬಿ ಆಗುತ್ತದಂತೆ. ಆಗಲಿ. ಇವತ್ತು ನನಗೆ ಬೇಕಿದ್ದದ್ದು ಎರಡೇ ನಿಮಿಷ.

ಸಂಜೆ ಕರೆಂಟ್ ಬಂದ ಮೇಲೆ ಹಾಕಿದೆ. ಮೊದಲು ಬರೀ ಸುಯ್ಯ್ ಅನ್ನುವ ಸದ್ದು. ಲೋಟ ಕೆಳಗಿಟ್ಟ ಸದ್ದು. ತಂಬೂರಿ ಶ್ರುತಿ ಮಾಡುತ್ತಿದ್ದಾರೆ. ಯಾರೋ ಕೆಮ್ಮಿದರು. ಅಮ್ಮ ಒಲೆ ಸಣ್ಣಗೆ ಮಾಡಿ ಬಾಗಿಲಿಗೆ ಬಂದು ನಿಂತರು, ಏನೂ ಹೇಳಲಿಲ್ಲ. ಆ ಕೆಮ್ಮು ನನಗೂ ಗೊತ್ತಾಗಿತ್ತು.

"ಊರು ಯಾವುದಪ್ಪ? ಜೋರಾಗಿ ಹೇಳು."

ಒಬ್ಬರು, ಇಬ್ಬರು, ಮೂವರು, ಸ್ಪಷ್ಟ. ನಾಲ್ಕನೆಯವರು ಬಾಯಿ ತೆರೆಯುವ ಹೊತ್ತಿಗೇ ಗಗ್ಗರ ಜಲ್ ಅಂದಿತು. ಹೆಸರು ಕೇಳಿಸುತ್ತದೆ, ಊರಿನ ಕೊನೆಗೆ "ಪುರ" ಅನ್ನುವುದು ಮಾತ್ರ ಉಳಿಯುತ್ತದೆ. ಐದಾರು ಸಲ ಹಿಂದಕ್ಕೆ ತಿರುಗಿಸಿದೆ. ಹುಡುಗನ ಊರೂ ಪುರವೇ. ಆ ಸೀಮೆಯಲ್ಲಿ ಪುರಗಳಿಗೇನು ಬರ.

"ಅವರಿಗೇ ಕೇಳಿಸಬಾರದೇನೇ?" ಅಂದರು ಅಮ್ಮ, ಸಾರಿಗೆ ಒಗ್ಗರಣೆ ಹಾಕುತ್ತಾ.

ಅಷ್ಟು ಹೊಳೆದಿರಲಿಲ್ಲ ನನಗೆ. ಮೊಬೈಲಿನಲ್ಲಿ ಹಿಡಿದು ಹುಡುಗನ ವಾಟ್ಸಾಪಿಗೆ ಕಳಿಸಿದೆ, ವೋಚರಿನ ಫೋಟೋ ಜೊತೆಗೆ. ಒಂಬತ್ತು ಗಂಟೆಗೆ ಉತ್ತರ ಬಂತು, ವಾಯ್ಸ್ ಮೆಸೇಜು. ಒತ್ತಿದರೆ ಹುಡುಗನ ಮಾತಲ್ಲ. ತಾತ. ಏದುಸಿರು ಬಿಡುತ್ತಲೇ ಮುಮ್ಮೇಳದವರು ಎತ್ತಿದ ಸೊಲ್ಲಿಗೆ ಸೊಲ್ಲು ಸೇರಿಸುತ್ತಿದ್ದಾರೆ, ಎದುರಿಗೆ ನಾನು ಕಳಿಸಿದ ಟೇಪು ಓಡುತ್ತಿದೆ. ನಡುವೆ ನಿಲ್ಲಿಸಿ ಏನೋ ಅಂದರು, "ಅದು ನಂದಲ್ಲ ಕಣ್ಲಾ, ಅದು..." ಅಂದ ಹಾಗಿತ್ತು. ಗಗ್ಗರವೋ, ದನಿಯೋ, ಹೆಸರೋ? ಅಲ್ಲಿಗೆ ಮೆಸೇಜು ಮುಗಿದಿದೆ. ಹುಡುಗನ ಫೋನು ಸ್ವಿಚ್ ಆಫ್. ಬಿ ಸೈಡ್ ಇನ್ನೂ ಕೇಳಿಲ್ಲ, ಅದರಲ್ಲೇನಾದರೂ